ಸರ್ಕಾರದ ಹಣ, ಕಲಾವಿದರ ಕಣ್ಣು: ಯುದ್ಧಕಾಲದ ಬ್ರಿಟಿಷ್ ಸಿನಿಮಾಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ನಲವತ್ತೈದು ದಾಟಿದವರಿಗೆ ನೆನಪಿರಬಹುದು. ಟಾಕೀಸಿನಲ್ಲಿ ದೀಪ ಆರಿದ ಮೇಲೆ, ರಾಜಕುಮಾರ್ ತೆರೆಗೆ ಬರುವ ಮೊದಲು, ಒಂದು ಕಪ್ಪು ಬಿಳುಪು ಚಿತ್ರ ಬರುತ್ತಿತ್ತು. ಅಣೆಕಟ್ಟು, ನೆರೆ, ಮಂತ್ರಿಗಳ ಶಂಕುಸ್ಥಾಪನೆ, ಅದರ ಮೇಲೊಂದು ಗಡಸು ದನಿ. ಹೊರಗೆ ಹೋಗಿ ಕಡಲೆಕಾಯಿ ಕೊಂಡು ತರುವುದಕ್ಕೆ ಅದೇ ಸರಿಯಾದ ಹೊತ್ತು. ಆ ಚಿತ್ರಗಳನ್ನು ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದು 1948ರಲ್ಲಿ. ಆದರೆ ಟಾಕೀಸಿನವರು ಸರ್ಕಾರದ ಚಿತ್ರವನ್ನು ತೋರಿಸಲೇಬೇಕು ಎಂಬ ಕಟ್ಟಳೆ ಅದಕ್ಕಿಂತ ಹಳೆಯದು. 1943ರಲ್ಲಿ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ, ಯುದ್ಧದ ಪ್ರಚಾರಕ್ಕೆಂದು ಬ್ರಿಟಿಷರು ಹೇರಿದ್ದು. ಪ್ರಚಾರಚಿತ್ರ ಎಂದೊಡನೆ ನಮಗೆ ಆಕಳಿಕೆ ಬರುವುದಕ್ಕೆ ಹೀಗೊಂದು ಇತಿಹಾಸವಿದೆ.

ಅದೇ ಯುದ್ಧದ ದಿನಗಳಲ್ಲಿ, ಅದೇ ಸಾಮ್ರಾಜ್ಯದ ರಾಜಧಾನಿಯಲ್ಲಿ ತಯಾರಾದ ಪ್ರಚಾರಚಿತ್ರಗಳು ಮಾತ್ರ ಬೇರೆಯೇ ಜಾತಿಯವು. ಎಲ್ಲವೂ ಅಲ್ಲ, ಕೆಲವು. ಲಂಡನ್ನಿನ ಮಾಹಿತಿ ಸಚಿವಾಲಯದ ಸಿನಿಮಾ ವಿಭಾಗವನ್ನು 1940ರಲ್ಲಿ ನೋಡಿಕೊಳ್ಳುತ್ತಿದ್ದವನು ಕೆನೆತ್ ಕ್ಲಾರ್ಕ್, ನ್ಯಾಷನಲ್ ಗ್ಯಾಲರಿ ಎಂಬ ಕಲಾಸಂಗ್ರಹಾಲಯದ ನಿರ್ದೇಶಕ. ಚಿತ್ರಕಲೆಯ ಪಂಡಿತ. ಬ್ರಿಟನ್ ಯಾತಕ್ಕಾಗಿ ಹೋರಾಡುತ್ತಿದೆ, ಹೇಗೆ ಹೋರಾಡುತ್ತಿದೆ, ಗೆಲ್ಲುವುದಕ್ಕೆ ತ್ಯಾಗ ಏಕೆ ಬೇಕು ಎಂಬ ಮೂರು ವಿಷಯಗಳನ್ನು ಸಿನಿಮಾ ಹೇಳಬೇಕು ಎಂದು ಆಗ ಗೊತ್ತುಮಾಡಿದರು. ಗೋಡೆಬರಹಕ್ಕೆ ಸಾಕಾಗುವಷ್ಟು ಸರಕು. ಇದನ್ನಿಟ್ಟುಕೊಂಡು ಕಲೆಯನ್ನು ಹೇಗೆ ಮಾಡಿದರು ಎಂಬುದೇ ಈ ಸಿನಿಮಾಗಳನ್ನು ಇವತ್ತು ನೋಡುವುದರ ಸ್ವಾರಸ್ಯ.

ಆರಿಸಿಕೊಳ್ಳುವವರಿಗೆ ನಾನು ಕೊಡುವ ಜರಡಿ ಒಂದೇ: ಸರ್ಕಾರದ ಮಾತನ್ನು ಯಾರ ಬಾಯಿಗೆ ಹಾಕಿದ್ದಾರೆ ಎಂದು ನೋಡಿ. ಅಷ್ಟು ಗಮನಿಸಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಬಿಟ್ಟುಬಿಡಬಹುದಾದದ್ದು

ಮೊದಲು ಕೆಟ್ಟದ್ದರ ಮಾತು ಮುಗಿಸೋಣ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ಅಲೆಕ್ಸಾಂಡರ್ ಕೋರ್ಡಾನ ಸ್ಟುಡಿಯೋದಲ್ಲಿ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರೀಕರಣ ನಡೆಯುತ್ತಿತ್ತು. ಅದರಲ್ಲಿ ಕಳ್ಳ ಹುಡುಗನಾಗಿದ್ದವನು ನಮ್ಮ ಮೈಸೂರಿನ ಕಡೆಯ ಕಾರಾಪುರದ ಮಾವುತನ ಮಗ ಸಾಬು. ಕೋರ್ಡಾ ಆ ಕೆಲಸ ಬದಿಗಿಟ್ಟು ತನ್ನ ಜನರನ್ನು ಒಂದು ಯುದ್ಧಚಿತ್ರಕ್ಕೆ ಹಚ್ಚಿದ. ಸಾಬುವಿನ ಸಿನಿಮಾ ನಿರ್ದೇಶಿಸುತ್ತಿದ್ದವರಲ್ಲಿ ಒಬ್ಬನಾದ ಮೈಕೆಲ್ ಪೊವೆಲ್ ಕೂಡ ಅದಕ್ಕೆ ಕೈಹಾಕಬೇಕಾಯಿತು. ಕೆಲವೇ ವಾರಗಳಲ್ಲಿ ಹೊರಬಂದದ್ದು 'ದಿ ಲಯನ್ ಹ್ಯಾಸ್ ವಿಂಗ್ಸ್'. ಸುದ್ದಿಚಿತ್ರದ ತುಣುಕುಗಳು, ಮಧ್ಯೆ ಒಂದಿಷ್ಟು ನಟನೆ, ಹಳೆಯ ಸಿನಿಮಾದಿಂದ ಕಿತ್ತು ತಂದ ಒಂದನೆಯ ಎಲಿಜಬೆತ್ ರಾಣಿಯ ವೀರಭಾಷಣ. ಶತ್ರುವಿಮಾನಗಳನ್ನು ತಡೆಯಲು ಲಂಡನ್ನಿನ ಮೇಲೆ ತೇಲಿಬಿಟ್ಟ ಬಲೂನುಗಳನ್ನು ಕಂಡೇ ಜರ್ಮನ್ ವಿಮಾನಗಳು ಹೆದರಿ ಹಿಂತಿರುಗುತ್ತವೆ. ಮರುವರ್ಷ ಅದೇ ಆಕಾಶದಿಂದ ಬಾಂಬುಗಳ ಮಳೆ ಸುರಿಯಿತು ಎಂದು ಗೊತ್ತಿರುವ ನಮಗೆ ಅದು ನಗೆಪಾಟಲು. ಇಲ್ಲಿ ಸರ್ಕಾರದ ಮಾತು ನಿರೂಪಕನ ಬಾಯಲ್ಲಿದೆ, ಮತ್ತು ಅವನು ಬಾಯಿ ಮುಚ್ಚುವುದೇ ಇಲ್ಲ. ಹೋಲಿಸಿ ನೋಡಲು ಹತ್ತು ನಿಮಿಷ ಸಾಕು.

ಹಡಗೋ, ಅಗ್ನಿಶಾಮಕ ಠಾಣೆಯೋ?

ಧೈರ್ಯದ ಕಥೆ ಬೇಕು ಎನ್ನುವವರ ಮುಂದೆ ಎರಡು ದಾರಿ ಇವೆ. ಒಂದು 1942ರ 'ಇನ್ ವಿಚ್ ವಿ ಸರ್ವ್'. ನೋಯೆಲ್ ಕವರ್ಡ್ ಬರೆದು, ಸಂಗೀತ ಹಾಕಿ, ನಾಯಕನಾಗಿ ನಟಿಸಿ, ಡೇವಿಡ್ ಲೀನ್ ಜೊತೆ ನಿರ್ದೇಶಿಸಿದ ಚಿತ್ರ. ಇನ್ನೊಂದು 1943ರ 'ಫೈರ್ಸ್ ವರ್ ಸ್ಟಾರ್ಟೆಡ್'. ಹಂಫ್ರಿ ಜೆನ್ನಿಂಗ್ಸ್, ಸರ್ಕಾರದ್ದೇ ಆದ ಕ್ರೌನ್ ಫಿಲ್ಮ್ ಯೂನಿಟ್‌ಗಾಗಿ ಮಾಡಿದ್ದು.

ಮೊದಲನೆಯದರಲ್ಲಿ ಮುಳುಗಿದ ಹಡಗಿನ ನಾವಿಕರು ಒಂದು ತೆಪ್ಪಕ್ಕೆ ಜೋತುಬಿದ್ದು ಮನೆ ಮಠ ನೆನೆಯುತ್ತಾರೆ. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಬಳಿ ಮುಳುಗಿದ 'ಕೆಲ್ಲಿ' ಎಂಬ ಹಡಗಿನ ಕಥೆಯೇ ಇದಕ್ಕೆ ಮೂಲ. ಅದರ ಕ್ಯಾಪ್ಟನ್ ಲೂಯಿ ಮೌಂಟ್‌ಬ್ಯಾಟನ್. ಹೌದು, 1947ರಲ್ಲಿ ದೆಹಲಿಗೆ ಕೊನೆಯ ವೈಸರಾಯ್ ಆಗಿ ಬಂದವರೇ. ಕವರ್ಡ್ ಆಡುವ ಬಿಗಿ ಇಸ್ತ್ರಿಯ ಮಾತುಗಳನ್ನು ಕೇಳುವಾಗ ಭಾರತದ ಪ್ರೇಕ್ಷಕನಿಗೆ ಇನ್ನೊಂದು ಮುಖವೂ ಹಿಂದೆ ಕಾಣಿಸುತ್ತದೆ; ತಪ್ಪಿಸಿಕೊಳ್ಳುವುದಕ್ಕಾಗದು.

ಈ ಚಿತ್ರದಲ್ಲಿ ಸರ್ಕಾರದ ಮಾತು ಕ್ಯಾಪ್ಟನ್ನನ ಬಾಯಲ್ಲಿದೆ. ಅವನು ಭಾಷಣ ಮಾಡಿದಾಗಲೆಲ್ಲ ಸಿನಿಮಾ ಸ್ವಲ್ಪ ಕುಸಿಯುತ್ತದೆ. ಆದರೆ ಒಂದು ದೃಶ್ಯಕ್ಕಾಗಿ ಇಡೀ ಚಿತ್ರವನ್ನು ಕ್ಷಮಿಸಬಹುದು. ಹಾರ್ಡಿ ಎಂಬ ಹಿರಿಯ ನಾವಿಕ ಹಡಗಿನಲ್ಲಿ ಕೂತು ಹೆಂಡತಿಗೆ ಕಾಗದ ಬರೆಯುತ್ತಿರುತ್ತಾನೆ. ಕಿರಿಯ ನಾವಿಕನೊಬ್ಬನಿಗೆ ಊರಿನಿಂದ ಪತ್ರ ಬಂದಿದೆ: ಅವನ ಹೆಂಡತಿ ಹೆತ್ತಿದ್ದಾಳೆ, ತಾಯಿ ಮಗು ಕ್ಷೇಮ, ಆದರೆ ಅವಳಿದ್ದ ಮನೆಗೆ ಬಾಂಬು ಬಿದ್ದು ಹಾರ್ಡಿಯ ಹೆಂಡತಿ ಸತ್ತಿದ್ದಾಳೆ. ಹುಡುಗ ತಡವರಿಸಿ ತಡವರಿಸಿ ಹೇಳುತ್ತಾನೆ. ಹಾರ್ಡಿ ಒಂದು ಕ್ಷಣ ಸುಮ್ಮನಿದ್ದು, ನಿನ್ನ ಹೆಂಡತಿ ಚೆನ್ನಾಗಿದ್ದಾಳಲ್ಲ, ಸಂತೋಷ ಎಂಬ ಅರ್ಥದ ಮಾತೊಂದನ್ನು ಆಡಿ ಎದ್ದು ಹೋಗುತ್ತಾನೆ. ಹೊರಗೆ ಹಡಗಿನ ಅಂಚಿಗೆ ಬಂದು, ಬರೆಯುತ್ತಿದ್ದ ಕಾಗದವನ್ನು ಮುದುಡಿ ಸಮುದ್ರಕ್ಕೆ ಎಸೆಯುತ್ತಾನೆ. ತ್ಯಾಗ ಏಕೆ ಬೇಕು ಎಂಬ ಸಚಿವಾಲಯದ ಮೂರನೆಯ ವಿಷಯ ಇದೇ ತಾನೇ? ಆದರೆ ಇಲ್ಲಿ ಅದನ್ನು ಹೇಳುವವರು ಯಾರೂ ಇಲ್ಲ.

'ಫೈರ್ಸ್ ವರ್ ಸ್ಟಾರ್ಟೆಡ್' ಪೂರ್ತಿ ಈ ರೀತಿಯದು. ನಟರೇ ಇಲ್ಲ. ಲಂಡನ್ನಿನ ಅಗ್ನಿಶಾಮಕ ದಳದಲ್ಲಿ ನಿಜವಾಗಿ ದುಡಿದವರೇ ಪಾತ್ರಧಾರಿಗಳು. ಒಂದು ಹಗಲು, ಒಂದು ರಾತ್ರಿ, ಬಂದರಿನ ಗೋದಾಮಿಗೆ ಬಿದ್ದ ಬೆಂಕಿ. ಚಿತ್ರೀಕರಣದ ಹೊತ್ತಿಗೆ ಲಂಡನ್ನಿನ ಮೇಲಿನ ದೊಡ್ಡ ಬಾಂಬುದಾಳಿ ಮುಗಿದಿತ್ತು. ಹಾಗಾಗಿ ಹಾಳುಬಿದ್ದಿದ್ದ ಕಟ್ಟಡಗಳಿಗೆ ಜೆನ್ನಿಂಗ್ಸ್ ಮತ್ತೆ ಬೆಂಕಿ ಹಚ್ಚಿಸಿದ. ಇದನ್ನು ಸುಳ್ಳು ಎನ್ನಬೇಕೋ ನಿಜ ಎನ್ನಬೇಕೋ ಎಂದು ವಾದಿಸುವವರು ವಾದಿಸಲಿ. ನಾನು ಮರೆಯದೆ ಉಳಿಸಿಕೊಂಡದ್ದು ಟೆಲಿಫೋನ್ ಕೋಣೆಯ ಹುಡುಗಿಯನ್ನು. ಹತ್ತಿರದಲ್ಲೇ ಬಾಂಬು ಬೀಳುತ್ತದೆ, ಕೋಣೆ ನಡುಗುತ್ತದೆ. ಮರುಕ್ಷಣ ಅವಳು ಹಣೆಯ ಮೇಲೆ ರಕ್ತ ಇಟ್ಟುಕೊಂಡೇ ಫೋನೆತ್ತಿ, ನಡುವೆ ತಡೆಯಾದದ್ದಕ್ಕೆ ಕ್ಷಮೆ ಕೇಳಿ, ಬಿಟ್ಟಲ್ಲಿಂದ ಸಂದೇಶ ಮುಂದುವರಿಸುತ್ತಾಳೆ.

ಎರಡರಲ್ಲಿ ಒಂದು ಎಂದರೆ ನನ್ನ ಆಯ್ಕೆ ಬೆಂಕಿಯದು. ಆದರೆ ಮನೆಮಂದಿಯೆಲ್ಲ ಕೂತು ನೋಡುವಾಗ ಮೊದಲ ಅರ್ಧಗಂಟೆ ಏನೂ ಆಗುವುದಿಲ್ಲ ಎಂಬ ದೂರು ಬರುತ್ತದೆ. ಆ ಅರ್ಧಗಂಟೆಯಲ್ಲಿ ಪೈಪು ಒರೆಸುತ್ತಾರೆ, ಪಿಯಾನೋ ಬಾರಿಸುತ್ತಾರೆ, ಒಬ್ಬೊಬ್ಬರಾಗಿ ಕೋಣೆಗೆ ಬಂದು ಹಾಡಿಗೆ ದನಿ ಕೂಡಿಸುತ್ತಾರೆ. ಇದರಲ್ಲಿ ಒಬ್ಬ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಕಥೆ ಬೇಕೇಬೇಕು ಎನ್ನುವವರಿಗೆ ಹಡಗೇ ಸರಿ.

ಅತಿಥಿಗಳಾಗಿ ಬಂದ ಶತ್ರುಗಳು

'ವೆಂಟ್ ದ ಡೇ ವೆಲ್?' ಚಿತ್ರಕ್ಕೆ ಹೋಲಿಕೆಯೇ ಇಲ್ಲ ಎಂದರೂ ತಪ್ಪಿಲ್ಲ. ಹೋಲಿಸಲೇಬೇಕಾದರೆ 'ಎ ಕ್ಯಾಂಟರ್ಬರಿ ಟೇಲ್' ಇದೆ. ಎರಡರಲ್ಲೂ ಇಂಗ್ಲೆಂಡಿನ ಹಳ್ಳಿ, ಎರಡರಲ್ಲೂ ಊರ ಹಿರಿಯನೊಬ್ಬನ ಗುಟ್ಟು. 1944ರ ಕ್ಯಾಂಟರ್ಬರಿ ಕಥೆ ಹುಲ್ಲುಗಾವಲಿನಲ್ಲಿ ಅಡ್ಡಾಡಿದಂತೆ. ಮಧ್ಯಯುಗದ ಯಾತ್ರಿಕನೊಬ್ಬ ಹಾರಿಬಿಟ್ಟ ಗಿಡುಗ ಒಂದೇ ಕತ್ತರಿಯಲ್ಲಿ ಯುದ್ಧವಿಮಾನವಾಗುವ ಆ ಒಂದು ಕ್ಷಣ ಬಿಟ್ಟರೆ ಅದಕ್ಕೆ ಯಾವ ಅವಸರವೂ ಇಲ್ಲ. ಮಳೆಗಾಲದ ಭಾನುವಾರಕ್ಕೆ ಎತ್ತಿಡಿ.

1942ರ 'ವೆಂಟ್ ದ ಡೇ ವೆಲ್?' ಮಾತ್ರ ಬೇರೆ. ಈಲಿಂಗ್ ಸ್ಟುಡಿಯೋದ್ದು, ಗ್ರಹಾಂ ಗ್ರೀನ್‌ನ ಸಣ್ಣಕಥೆಯೊಂದರ ಎಳೆ, ನಿರ್ದೇಶಕ ಆಲ್ಬರ್ಟೊ ಕವಾಲ್ಕಾಂಟಿ. ಬ್ರೆಜಿಲ್‌ನವನು, ಇಂಗ್ಲಿಷರ ಹಳ್ಳಿಯನ್ನು ಹೊರಗಿನ ಕಣ್ಣಿನಿಂದ ನೋಡಬಲ್ಲವನು. ಬ್ರಿಟಿಷ್ ಸೈನಿಕರ ಸಮವಸ್ತ್ರದಲ್ಲಿ ಊರಿಗೆ ಬಂದವರು ಜರ್ಮನ್ನರು ಎಂದು ಜನರಿಗೆ ಅನುಮಾನ ಹುಟ್ಟುವುದು ಒಂದು ಚೀಟಿಯಿಂದ. ಇಸ್ಪೀಟಿನ ಲೆಕ್ಕ ಬರೆದ ಆ ಚೀಟಿಯಲ್ಲಿ ಏಳು ಎಂಬ ಅಂಕಿಗೆ ನಡುವೆ ಅಡ್ಡಗೆರೆ ಎಳೆದಿದೆ. ಇಂಗ್ಲಿಷರು ಹಾಗೆ ಬರೆಯುವುದಿಲ್ಲ.

ಆಮೇಲೆ ಅಂಚೆ ಕಚೇರಿಯ ಮುದುಕಿ. ಮೇಜಿನ ಮುಂದೆ ಊಟಕ್ಕೆ ಕೂತ ಜರ್ಮನ್ ಸೈನಿಕನಿಗೆ ಅವಳೇ ಬಡಿಸುತ್ತಿದ್ದಾಳೆ, ಏನೇನೋ ಮಾತಾಡಿಸುತ್ತಿದ್ದಾಳೆ. ಇದ್ದಕ್ಕಿದ್ದಂತೆ ಮೆಣಸಿನ ಪುಡಿಯನ್ನು ಅವನ ಕಣ್ಣಿಗೆ ಎರಚುತ್ತಾಳೆ. ಸೌದೆ ಸೀಳುವ ಕೊಡಲಿ ಎತ್ತುತ್ತಾಳೆ. ಏಟು ಬಿದ್ದ ಮೇಲೆ ಅವಳ ಮುಖ ನೋಡಬೇಕು. ಗೆದ್ದವಳ ಮುಖವಲ್ಲ ಅದು. ಓಡಿಹೋಗಿ ಫೋನಿನ ತಂತಿ ಚುಚ್ಚುತ್ತಾಳೆ. ಆ ಕಡೆಯ ಊರಿನ ಟೆಲಿಫೋನ್ ಹುಡುಗಿಯರು ಹರಟೆಯಲ್ಲಿದ್ದಾರೆ. ಆ ಮುದುಕಿಯದೇ ಕರೆ, ಕಾಯಲಿ ಬಿಡು ಎನ್ನುತ್ತಾರೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ಸೈನಿಕ, ಕೈಯಲ್ಲಿ ಬಯೊನೆಟ್. ಹುಡುಗಿ ಕೊನೆಗೂ ಕರೆಗೆ ಓಗೊಟ್ಟಾಗ ಈ ಕಡೆ ಕೇಳುವವರಿಲ್ಲ.

ಎಚ್ಚರವಾಗಿರಿ, ಅಸಡ್ಡೆ ಬೇಡ ಎಂಬುದು ಸರ್ಕಾರದ ಸಂದೇಶ. ಅದನ್ನು ಹೇಳಿದ್ದು ಯಾರು? ಹರಟೆ ಹೊಡೆಯುವ ಇಬ್ಬರು ಹುಡುಗಿಯರು, ಅದೂ ಹೇಳುತ್ತಿದ್ದೇವೆಂದು ಗೊತ್ತಿಲ್ಲದೆ. ಇಲ್ಲಿ ಪ್ರಚಾರವೂ ಪೂರ್ತಿ, ಕಲೆಯೂ ಪೂರ್ತಿ. ಪ್ರಚಾರ ಮೆತ್ತಗಾದಷ್ಟೂ ಕಲೆ ಮೇಲಾಗುತ್ತದೆ ಎಂಬ ಸುಲಭದ ಸಿದ್ಧಾಂತವನ್ನು ಈ ಒಂದು ಚಿತ್ರ ಹೊಡೆದುಹಾಕುತ್ತದೆ.

ಈ ಚಿತ್ರವನ್ನು ಶಿವಮೊಗ್ಗದ ಕಡೆಯವರ ಜೊತೆ ನೋಡಿದರೆ ಮಾತು ಬೇರೆ ಕಡೆ ಹೊರಳದೆ ಇರುವುದಿಲ್ಲ. ಅದೇ 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಗಲಭೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಹೊರಗಿನವರ ಆಳ್ವಿಕೆಯ ವಿರುದ್ಧ ಹಳ್ಳಿ ಎದ್ದು ನಿಂತರೆ ಅದು ವೀರಗಾಥೆ ಎಂದು ಲಂಡನ್ನಿನ ತೆರೆ ಹೇಳುತ್ತಿದ್ದ ಕಾಲವೇ ಅದು. ಸಿನಿಮಾದ ತಪ್ಪೇನಲ್ಲ. ಆದರೆ ಕೊಡಲಿಯ ದೃಶ್ಯಕ್ಕೆ ಚಪ್ಪಾಳೆ ತಟ್ಟುವ ಕೈ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಶತ್ರುವಿಗೆ ಮಾತು ಕೊಟ್ಟವರು

ಮೈಕೆಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಎರಡು ಚಿತ್ರಗಳ ನಡುವೆ ಆರಿಸುವುದು ನಿಜಕ್ಕೂ ಕಷ್ಟ. ಪ್ರೆಸ್‌ಬರ್ಗರ್ ಹಂಗೇರಿಯ ಯೆಹೂದಿ. ಬರ್ಲಿನ್ನಿನಲ್ಲಿ ಸಿನಿಮಾ ಬರೆಯುತ್ತಿದ್ದು, ಹಿಟ್ಲರ್ ಬಂದ ಮೇಲೆ ಓಡಿಬಂದವನು. ಜರ್ಮನ್ನರನ್ನು ದ್ವೇಷಿಸುವುದಕ್ಕೆ ಇತರರಿಗಿಂತ ಹೆಚ್ಚು ಕಾರಣ ಅವನಿಗಿತ್ತು, ಅವರನ್ನು ಅರಿತಿದ್ದವನೂ ಅವನೇ.

1941ರ '49ನೇ ಪ್ಯಾರಲಲ್'ಗೆ ಸಚಿವಾಲಯವೇ ಹಣ ಹಾಕಿತು. ಉದ್ದೇಶ ಸ್ಪಷ್ಟ: ಇನ್ನೂ ಯುದ್ಧಕ್ಕೆ ಇಳಿಯದ ಅಮೆರಿಕದ ಮನಸ್ಸು ತಿರುಗಿಸಬೇಕು. ಕೆನಡಾ ಕರಾವಳಿಯಲ್ಲಿ ಜಲಾಂತರ್ಗಾಮಿ ನಾಶವಾಗಿ ಆರು ಜರ್ಮನ್ನರು ದಡದಲ್ಲಿ ಉಳಿಯುತ್ತಾರೆ. ಆಗಿನ್ನೂ ತಟಸ್ಥವಾಗಿದ್ದ ಅಮೆರಿಕದ ಗಡಿ ಮುಟ್ಟಬೇಕು. ಅಂದರೆ ಇಡೀ ಸಿನಿಮಾ ಶತ್ರುವಿನ ಜೊತೆ ನಡೆಯುತ್ತದೆ! ನಡುವೆ ಅವರು ಹಟರೈಟ್ ಎಂಬ ಪಂಥದ ರೈತರ ವಸಾಹತಿಗೆ ಬರುತ್ತಾರೆ. ಜರ್ಮನ್ ಮಾತಾಡುವ, ಆಯುಧ ಮುಟ್ಟದ ಜನ. ತಮ್ಮವರೇ ಎಂದುಕೊಂಡು ಜರ್ಮನ್ ಅಧಿಕಾರಿ ಉರಿಯುವ ಭಾಷಣ ಮಾಡುತ್ತಾನೆ. ಆ್ಯಂಟನ್ ವಾಲ್‌ಬ್ರೂಕ್ ಎದ್ದು ನಿಂತು ತಣ್ಣಗೆ, ನಾವು ನಿಮ್ಮವರಲ್ಲ ಎನ್ನುತ್ತಾನೆ. ವಾಲ್‌ಬ್ರೂಕ್ ಸ್ವತಃ ವಿಯೆನ್ನಾದವನು, ನಾಜಿಗಳನ್ನು ತೊರೆದು ಬಂದವನು.

ಆದರೆ ನನಗೆ ಆ ಭಾಷಣಕ್ಕಿಂತ ಫೋಗೆಲ್ ಎಂಬ ನಾವಿಕ ದೊಡ್ಡವನಾಗಿ ಕಾಣುತ್ತಾನೆ. ಯುದ್ಧಕ್ಕೆ ಮೊದಲು ಬೇಕರಿಯವನು. ವಸಾಹತಿನ ಅಡುಗೆಮನೆಯಲ್ಲಿ ಬ್ರೆಡ್ಡು ಸುಡುತ್ತಾನೆ, ಚೆನ್ನಾಗಿದೆ ಎಂದು ಅಲ್ಲಿಯವರು ಹೇಳುತ್ತಾರೆ, ಅವನಿಗೆ ಅಲ್ಲೇ ಉಳಿದುಬಿಡುವ ಆಸೆ. ಅವನ ಸಂಗಡಿಗರೇ ಅವನನ್ನು ಕೊಲ್ಲುತ್ತಾರೆ. ನಾಜಿಗಳ ವಿರುದ್ಧ ಇಷ್ಟು ಪರಿಣಾಮಕಾರಿ ಪ್ರಚಾರವನ್ನು ಒಬ್ಬ ಒಳ್ಳೆಯ ಜರ್ಮನ್ನನ ಮೂಲಕ ಮಾಡಿದ್ದು ಜಾಣತನ ಮಾತ್ರವಲ್ಲ. ಈ ಕಥೆಗೆ ಪ್ರೆಸ್‌ಬರ್ಗರ್‌ಗೆ ಆಸ್ಕರ್ ಬಂತು. ಚಿತ್ರದ ದ್ವಿತೀಯಾರ್ಧ ಮಾತ್ರ ಕಂತು ಕಂತಾಗಿ ಸಡಿಲಾಗುತ್ತದೆ. ಲಾರೆನ್ಸ್ ಒಲಿವಿಯೆಯ ಫ್ರೆಂಚ್ ಉಚ್ಚಾರಣೆಯ ಬೇಟೆಗಾರನನ್ನು ಸಹಿಸುವುದು ಅವರವರ ತಾಳ್ಮೆಗೆ ಬಿಟ್ಟದ್ದು.

'ದಿ ಲೈಫ್ ಆ್ಯಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್' 1943ರದ್ದು, ಬಣ್ಣದ್ದು, ಚರ್ಚಿಲ್‌ಗೆ ಕೆಂಡದಂಥ ಕೋಪ ತರಿಸಿದ್ದು. ಚಿತ್ರವನ್ನು ನಿಲ್ಲಿಸುವುದಕ್ಕೆ ಏನು ಮಾಡಬಹುದು ಎಂದು ಆತ ತನ್ನ ಮಾಹಿತಿ ಮಂತ್ರಿಗೆ ಬರೆದು ಕೇಳಿದ. ನಿಲ್ಲಿಸಲಾಗಲಿಲ್ಲ, ಸೈನ್ಯದ ನೆರವು ಮಾತ್ರ ಸಿಗಲಿಲ್ಲ. ಕೋಪಕ್ಕೆ ಕಾರಣವಿತ್ತು. ಕರ್ನಲ್ ಬ್ಲಿಂಪ್ ಎಂಬುದು ಹಳೆಯ ಕಾಲದ ಸೇನಾಧಿಕಾರಿಗಳನ್ನು ಗೇಲಿಮಾಡುವ ವ್ಯಂಗ್ಯಚಿತ್ರದ ಪಾತ್ರ; ಸಿನಿಮಾದಲ್ಲಿ ಅಂಥವನ ಹೆಸರು ಕ್ಯಾಂಡಿ. ಕ್ಲೈವ್ ಕ್ಯಾಂಡಿ ಎಂಬ ಮುದಿ ಸೇನಾಧಿಕಾರಿ ಟರ್ಕಿಶ್ ಸ್ನಾನಗೃಹದಲ್ಲಿ ಟವೆಲ್ ಸುತ್ತಿಕೊಂಡು ಕೂತಿರುವಾಗ ಕಿರಿಯ ಅಧಿಕಾರಿ ನುಗ್ಗಿ ಸೆರೆಹಿಡಿಯುತ್ತಾನೆ. ಅಣಕು ಯುದ್ಧ ಶುರುವಾಗುವುದು ಮಧ್ಯರಾತ್ರಿಗೆ ಎಂದು ಮುದುಕನ ಆಕ್ಷೇಪ. ಅಷ್ಟು ಹೊತ್ತು ಯಾರು ಕಾಯುತ್ತಾರೆ ಎಂಬುದು ಕಿರಿಯನ ಉತ್ತರ. ಮುದುಕ ಅವನನ್ನು ನೀರಿಗೆ ಕೆಡವಿ ತಾನೂ ಮುಳುಗುತ್ತಾನೆ, ಕೊಳದ ಇನ್ನೊಂದು ತುದಿಯಲ್ಲಿ ನಲವತ್ತು ವರ್ಷ ಹಿಂದಿನ ತರುಣನಾಗಿ ಏಳುತ್ತಾನೆ. ಅಲ್ಲಿಂದ ಕಥೆ.

ಕಾಲ ಸರಿಯುವುದನ್ನು ತೋರಿಸುವ ರೀತಿ ನೋಡಿ. ಖಾಲಿ ಗೋಡೆ, ಗುಂಡಿನ ಸದ್ದು, ಗೋಡೆಯ ಮೇಲೆ ಬೇಟೆಯ ಪ್ರಾಣಿಯ ತಲೆ. ಮತ್ತೆ ಸದ್ದು, ಮತ್ತೊಂದು ತಲೆ. ಸಾಮ್ರಾಜ್ಯದ ಯಾವ ಯಾವ ಮೂಲೆಯಲ್ಲಿ ಹೊಡೆದದ್ದು ಎಂಬ ಹೆಸರು, ಇಸವಿ. ಕೊನೆಗೆ ತಲೆಯಿಲ್ಲ, 1918ರ ಒಂದು ಜರ್ಮನ್ ಶಿರಸ್ತ್ರಾಣ. ಪ್ರೇಕ್ಷಕ ನಗುತ್ತಲೇ ಇರುತ್ತಾನೆ, ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಭಾರತದವರಿಗೆ ಸ್ವಲ್ಪ ಮೊದಲೇ ಸಿಕ್ಕಿಕೊಳ್ಳಬಹುದು.

ಕ್ಯಾಂಡಿಯ ಜೀವದ ಗೆಳೆಯ ಥಿಯೋ, ಜರ್ಮನ್ ಅಧಿಕಾರಿ. ಮತ್ತೆ ವಾಲ್‌ಬ್ರೂಕ್. ಅವರಿಬ್ಬರ ಪರಿಚಯ ಬರ್ಲಿನ್ನಿನ ದ್ವಂದ್ವಯುದ್ಧದಲ್ಲಿ. ಅದಕ್ಕೆ ಎಷ್ಟೊಂದು ಸಿದ್ಧತೆ, ನಿಯಮ, ಶಿಷ್ಟಾಚಾರ! ಇನ್ನೇನು ಕತ್ತಿಗೆ ಕತ್ತಿ ತಾಗಿತು ಎನ್ನುವಾಗ ಕ್ಯಾಮೆರಾ ಮೇಲೇರಿ ಛಾವಣಿ ದಾಟಿ ಹೊರಗಿನ ಹಿಮಕ್ಕೆ ಹೋಗಿಬಿಡುತ್ತದೆ. ಯಾರು ಗೆದ್ದರು ಎಂಬುದು ಈ ಸಿನಿಮಾಕ್ಕೆ ಬೇಡವೇ ಬೇಡ.

1939ರಲ್ಲಿ ಥಿಯೋ ಇಂಗ್ಲೆಂಡಿನಲ್ಲಿ ಆಶ್ರಯ ಬೇಡಿ ವಲಸೆ ಕಚೇರಿಯಲ್ಲಿ ಕೂತಿದ್ದಾನೆ. ಹೆಂಡತಿ ಸತ್ತಿದ್ದಾಳೆ, ಮಕ್ಕಳು ನಾಜಿಗಳಾಗಿದ್ದಾರೆ. ದನಿ ಏರಿಸದೆ ಹೇಳುತ್ತಾ ಹೋಗುತ್ತಾನೆ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. ಆಮೇಲೆ ಚಿತ್ರದ ನಿಜವಾದ ಸಂದೇಶ ಬರುತ್ತದೆ: ಈ ಸಲದ ಶತ್ರು ಕ್ರೀಡಾಂಗಣದ ಎದುರಾಳಿಯಲ್ಲ, ಸಭ್ಯ ನಿಯಮ ಹಿಡಿದು ಕೂತರೆ ಸೋಲುತ್ತೀರಿ, ಸೋತರೆ ಮುಂದಿನ ಪಂದ್ಯವೇ ಇರುವುದಿಲ್ಲ. ಬ್ರಿಟಿಷ್ ಸರ್ಕಾರಕ್ಕೆ ಬೇಕಾದದ್ದು ನಿಖರವಾಗಿ ಇದೇ. ಅದನ್ನು ಬ್ರಿಟಿಷನಿಗೆ ಹೇಳುವವನು ಜರ್ಮನ್. ಚರ್ಚಿಲ್‌ಗೆ ಇದು ಅರ್ಥವಾಗಲಿಲ್ಲವೋ, ಅರ್ಥವಾದದ್ದೇ ಕೋಪಕ್ಕೆ ಕಾರಣವೋ!

ಹಾಗಾದರೆ ಯಾವುದು? ಪ್ರಚಾರ ಹೇಗೆ ಕೆಲಸ ಮಾಡುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಬೇಕಾದರೆ '49ನೇ ಪ್ಯಾರಲಲ್'. ಯಂತ್ರದ ಹಲ್ಲುಗಳೆಲ್ಲ ಹೊರಗೇ ಕಾಣುತ್ತವೆ. ನಿಮಗಾಗಿ ಒಂದು ಸಿನಿಮಾ ನೋಡಬೇಕಾದರೆ ಬ್ಲಿಂಪ್, ಎರಡನೆಯ ಮಾತಿಲ್ಲ. ಆದರೆ ಅವಧಿ ನೋಡಿಕೊಂಡು ಆರಿಸಿ. ಪೂರ್ಣ ಚಿತ್ರ 163 ನಿಮಿಷದ್ದು. ಹಿಂದೆ ಅದನ್ನು ಮೊಟಕುಗೊಳಿಸಿ ಹಂಚಿದ್ದರು. ಅಂಥ ಪ್ರತಿ ಸಿಕ್ಕಿದರೆ ನೋಡದಿರುವುದೇ ಮೇಲು.

ತೆರೆಯಲ್ಲಿ ಇಲ್ಲದ್ದು

ಇವುಗಳನ್ನು ಮೆಚ್ಚುವಾಗಲೂ ಒಂದು ಲೆಕ್ಕ ಕೈಯಲ್ಲಿರಲಿ. ಆ ಯುದ್ಧದಲ್ಲಿ ಭಾರತೀಯ ಸೈನ್ಯ ಸುಮಾರು 25 ಲಕ್ಷ ಜನರಿಗೆ ಬೆಳೆದಿತ್ತು. ಬ್ಲಿಂಪ್ ತೆರೆಕಂಡ 1943ರಲ್ಲೇ ಬಂಗಾಳದ ಕ್ಷಾಮ ಲಕ್ಷಗಟ್ಟಲೆ ಜನರನ್ನು ನುಂಗುತ್ತಿತ್ತು. ನಾನು ಇಲ್ಲಿ ಹೇಳಿದ ಹಳ್ಳಿ, ಹಡಗು, ಠಾಣೆಗಳ ಕಥೆಗಳಿಗೆ ಇದು ಯಾವುದೂ ತಾಗುವುದಿಲ್ಲ. ಪ್ರಚಾರ ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ಚೌಕಟ್ಟು ಹಾಕುತ್ತದೆ. ಚೌಕಟ್ಟಿನ ಹೊರಗಿದ್ದವರು ನಾವು. ಈ ಕಾರಣಕ್ಕೆ ನೋಡಬೇಡಿ ಎನ್ನುವುದಿಲ್ಲ ನಾನು. ಚೌಕಟ್ಟಿನ ಅಂಚು ಹೊರಗಿದ್ದವರಿಗೇ ಚೆನ್ನಾಗಿ ಕಾಣುತ್ತದೆ.

ಇಪ್ಪತ್ತು ನಿಮಿಷ ಮಾತ್ರ ಇದ್ದರೆ

'ಲಿಸನ್ ಟು ಬ್ರಿಟನ್', 1942. ಜೆನ್ನಿಂಗ್ಸ್ ಮತ್ತು ಸಂಕಲನಕಾರ ಸ್ಟುವರ್ಟ್ ಮ್ಯಾಕ್‌ಅಲಿಸ್ಟರ್ ಇಬ್ಬರ ಹೆಸರೂ ನಿರ್ದೇಶನಕ್ಕಿದೆ. ಇದರ ಪಕ್ಕದಲ್ಲಿಟ್ಟು ನೋಡಲು 1940ರ 'ಲಂಡನ್ ಕ್ಯಾನ್ ಟೇಕ್ ಇಟ್' ಇದೆ. ಅದರಲ್ಲಿ ಅಮೆರಿಕದ ಪತ್ರಕರ್ತನೊಬ್ಬ ತಾನು ತಟಸ್ಥ ವರದಿಗಾರ ಎನ್ನುತ್ತ ಲಂಡನ್ನಿನ ಧೈರ್ಯ ಹೊಗಳುತ್ತಾನೆ. ಹತ್ತು ನಿಮಿಷದ ಚುರುಕಾದ ಕೆಲಸ. ಆದರೆ 'ಲಿಸನ್ ಟು ಬ್ರಿಟನ್'ನಲ್ಲಿ ಮಾತಾಡುವವನೇ ಇಲ್ಲ. ಕಾರ್ಖಾನೆಯ ಊಟದ ಕೋಣೆಯಲ್ಲಿ ಇಬ್ಬರು ಹಾಸ್ಯಗಾರರು ಹಾಡುತ್ತಿದ್ದಾರೆ, ಕೆಲಸಗಾರರು ಸಿಳ್ಳೆ ಹಾಕುತ್ತಿದ್ದಾರೆ. ಆ ಹಾಡಿನ ಸ್ವರ ಮುಗಿಯುವ ಮುನ್ನವೇ ನ್ಯಾಷನಲ್ ಗ್ಯಾಲರಿಯಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ನುಡಿಸುವ ಮೊಜಾರ್ಟ್ ಸಂಗೀತ ಎದ್ದುಬರುತ್ತದೆ. ಬಾಂಬಿನ ಭಯಕ್ಕೆ ಅಲ್ಲಿನ ವರ್ಣಚಿತ್ರಗಳನ್ನು ವೇಲ್ಸ್‌ಗೆ ಸಾಗಿಸಿದ್ದರಿಂದ ಗೋಡೆಯಲ್ಲಿ ಖಾಲಿ ಚೌಕಟ್ಟುಗಳು. ಕೇಳುಗರ ನಡುವೆ ರಾಣಿ ಕೂತಿದ್ದಾಳೆ, ಪಕ್ಕದಲ್ಲಿ ಕೆನೆತ್ ಕ್ಲಾರ್ಕ್.

ಕೆಲವು ಪ್ರತಿಗಳಲ್ಲಿ ಶುರುವಿಗೇ ಒಬ್ಬ ಸೂಟುಧಾರಿ ಕಾಣಿಸಿಕೊಂಡು, ನೀವು ಈಗ ಏನು ಕೇಳಲಿದ್ದೀರಿ, ಅದರ ಅರ್ಥವೇನು ಎಂದು ವಿವರಿಸುತ್ತಾನೆ. ಹೊರದೇಶದ ಪ್ರೇಕ್ಷಕರಿಗೆ ಅರ್ಥವಾಗಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಆಮೇಲೆ ಅಂಟಿಸಿದ್ದು. ಆ ಭಾಗವನ್ನು ಓಡಿಸಿಬಿಡಿ. ಗಾಳಿಗೆ ಮರದ ಎಲೆಗಳು ಅಲುಗುವ ಸದ್ದು ಬಂದಲ್ಲಿಂದ ಶುರುಮಾಡಿ.